ಹತ್ತಿಹೂವಿನ ಮದುವೆ

ಸಂಶಿ
೧೧ ಸೆಪ್ಟೆಂಬರ್ ೧೯೮೩

ದಿನೂ,

ಕ್ಷೇಮಸಮಾಚಾರದ ಸಾಲುಗಳನ್ನು ನೀನೇ ಸೇರಿಸಿಕೊಂಡು ಓದು. ನನಗೆ ಇವತ್ತು ಅಷ್ಟು ವ್ಯವಧಾನವಿಲ್ಲ.

ನಾನು ಈ ಊರಿಗೆ ಬರುವಾಗ ಬುದ್ಧಿ ಹೇಳಿದವನು ನೀನೇ ತಾನೇ? ಹೊರಗಿನ ಊರಲ್ಲಿ ಒಬ್ಬಳೇ ಇರುತ್ತೀ, ಕುಂಕುಮ ಹಚ್ಚಿಕೋ, ಮಂಗಳಸೂತ್ರ ಹಾಕಿಕೋ, ಯಜಮಾನರು ಮುಂಬೈಯಲ್ಲಿ ನೌಕರಿಗಿದ್ದಾರೆ ಅನ್ನು, ಯಾರೂ ತಂಟೆಗೆ ಬರುವುದಿಲ್ಲ ಅಂದೆ. ಅವರು ತೀರಿಕೊಂಡು ನಾಲ್ಕು ವರ್ಷವಾದ ಮೇಲೆ ಟ್ರಂಕಿನ ತಳದಿಂದ ಆ ಸರ ತೆಗೆದು ಹಾಕಿಕೊಂಡೆ. ಹಾಕಿಕೊಂಡದ್ದಕ್ಕೆ ಬಾಡಿಗೆಗೆ ಖೋಲಿ ಸಿಕ್ಕಿತು, ಮರ್ಯಾದೆ ಸಿಕ್ಕಿತು. ಈಗ ಅದೇ ಕೊರಳಿಗೆ ಸುತ್ತಿಕೊಂಡಿದೆ ನೋಡು.

ನೀನು ಕಾಡಿನಲ್ಲಿ ಗಂಡಾಳುಗಳನ್ನು ದುಡಿಸುವ ಸೂಪರ್‌ವೈಜರ್, ನನ್ನ ಕೆಲಸ ನಿನಗೆ ಗೊತ್ತಿರಲಿಕ್ಕಿಲ್ಲ. ಹೈಬ್ರಿಡ್ ಹತ್ತಿಯ ಬೀಜ ತಾನಾಗಿ ಆಗುವುದಲ್ಲ. ಸಂಜೆ ಹೆಣ್ಣುಸಾಲಿಗೆ ಹೋಗಿ, ನಾಳೆ ಅರಳುವ ಮೊಗ್ಗು ಹುಡುಕಿ, ಒಳಗಿನ ಕೇಸರವನ್ನು ಉಗುರಿನಿಂದ ಬಿಡಿಸಿ, ಮೇಲೆ ಕೆಂಪು ಹಾಳೆಯ ಟೊಪ್ಪಿಗೆ ಹಾಕಬೇಕು. ಮರುದಿನ ಮುಂಜಾನೆ ಗಂಡುಸಾಲಿನ ಹೂವು ತಂದು, ಟೊಪ್ಪಿಗೆ ತೆಗೆದು, ಹೂವಿಗೆ ಹೂವು ಸವರಿ, ತೊಟ್ಟಿಗೆ ದಾರ ಕಟ್ಟಬೇಕು. ಮುಂಜಾನೆ ತಪ್ಪಿತೋ, ಆ ಹೂವು ಹೋಯಿತು. ಬೀಜದ ಸೊಸೈಟಿಯವರು ಈ ಹೆಣ್ಣಾಳುಗಳ ಮೇಲೆ ನನ್ನನ್ನು ಇಟ್ಟಿದ್ದಾರೆ. ಅವರ ಹಿರಿಯಳು ಬಸವಣ್ಣೆವ್ವ ಅಂತ, ಅವಳು ಕೆಮ್ಮಿದರೆ ಇಡೀ ಹೊಲ ತಿರುಗಿ ನೋಡುತ್ತದೆ.

ಇವತ್ತು ಸಣ್ಣವ್ವ ಎಂಬ ಹೆಂಗಸು ಕೆಲಸ ಕೇಳಿಕೊಂಡು ಬಂದಳು. ಬೆರಳು ಚುರುಕು. ಸಾಲಿಗೆ ಹಚ್ಚು ಅಂದರೆ ಬಸವಣ್ಣೆವ್ವ ಅವಳನ್ನು ಕಸ ತೆಗೆಯಲಿಕ್ಕೆ ಕಳಿಸಿದಳು. ಯಾಕವ್ವಾ ಅಂದೆ.

"ಗಂಡ ಇಲ್ಲದಾಕಿ ಹೂವಿಗೆ ಕೈ ಹಚ್ಚಬಾರದ್ರಿ ಅಕ್ಕಾರ. ಸಂಜಿಕೆ ಕೆಂಪು ಉಡಸ್ತೇವಿ, ಮುಂಜಾನೆ ಗಂಡಹೂವು ಕೂಡಸ್ತೇವಿ, ಆಮ್ಯಾಲೆ ದಾರಾ ಕಟ್ತೇವಿ. ಇದು ಮದಿವಿ ಅಲ್ಲೇನ್ರಿ? ಮುತ್ತೈದಿ ಕೈಲೇ ಆಗಬೇಕು. ಇಲ್ಲಂದ್ರ ಕಾಯಿ ಉದರತಾವ."

ಹಾಗೆ ಹೇಳುವಾಗ ನನ್ನ ಕೈಯಲ್ಲೇ ಗಂಡುಹೂವು ಇತ್ತು ದಿನೂ. ಕಲಿಸುವ ನೆವದಲ್ಲಿ ಅಷ್ಟು ಹೊತ್ತಿಗೆ ಎಷ್ಟು ಹೂವುಗಳ ಮದುವೆ ಮಾಡಿದ್ದೆನೋ ಏನೋ. ಈಗ ಏನು ಮಾಡಲಿ, ಹೇಳು.

ನಿನ್ನ ಅಕ್ಕ
ದ್ವಾರಕಾ


ಕಲಘಟಗಿ ಕ್ಯಾಂಪು
೧೮ ಸೆಪ್ಟೆಂಬರ್ ೧೯೮೩

ಅಕ್ಕಾ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ನಗಬಾರದಿತ್ತು ಅನ್ನಿಸಿತು. ಏನೂ ಮಾಡಬೇಡ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ನಿನ್ನ ಹೂವಿನ ಕೆಲಸ ಮುಗಿಯುತ್ತದೆ, ನೀನು ಊರು ಬಿಡುತ್ತೀ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರು. ಹೇಳದೆ ಇದ್ದರೆ ಯಾರಿಗೇನು ನಷ್ಟ?

ಸಂಶಿಯಿಂದ ನೀನು ಕೆಲಸಕ್ಕೆ ಕಳಿಸಿಕೊಟ್ಟ ಲಕ್ಷ್ಮಣಪ್ಪ ಚೆನ್ನಾಗಿದ್ದಾನೆ. ಇಲ್ಲಿ ಸಾಗವಾನಿ ತೋಪಿನಲ್ಲಿ ಒತ್ತಾಗಿ ಬೆಳೆದ ಮರಗಳನ್ನು ಆರಿಸಿ ಕಡಿಸುತ್ತಿದ್ದೇವೆ. ಬಂದ ಮೊದಲ ದಿನ ಅವನು ಮೇಲೆ ನೋಡುತ್ತಲೇ ನಿಂತುಬಿಟ್ಟ. ಯಾಕೋ ಅಂದರೆ, "ನಮ್ಮೂರಾಗ ಗಿಡಾ ಅಂದ್ರ ಜಾಲಿಗಿಡಾರೀ ಸಾಹೇಬ್ರ. ಇವು ಮುಗಿಲಿಗೆ ಹತ್ಯಾವಲ್ರಿ" ಅಂದ. ಅವನಿಗೆ ಕೊಡಲಿ ಕೊಟ್ಟಿಲ್ಲ, ಬರೀ ಕೊಂಬೆ ಸವರಿ ಗಾಡಿಗೆ ಹೇರುವ ಕೆಲಸ. ಅವನ ಹೆಂಡತಿ ದುಂಡವ್ವ ನಿನ್ನ ಸಾಲಿನಲ್ಲೇ ಇದ್ದಾಳಂತಲ್ಲ. ಚಿಂತೆ ಮಾಡಬೇಡ, ಹೊಟ್ಟೆ ತುಂಬ ಉಣ್ಣುತ್ತೇನೆ ಅಂತ ಹೇಳಬೇಕಂತೆ.

ದಿನಕರ


ಸಂಶಿ
೨೯ ಸೆಪ್ಟೆಂಬರ್ ೧೯೮೩

ದಿನೂ,

ಬಾಯಿ ಮುಚ್ಚಿಕೊಂಡಿದ್ದೇನೆ. ಶುಕ್ರವಾರ ಬಸವಣ್ಣೆವ್ವ ಬಂದು ಹಣೆಗೆ ಕುಂಕುಮ ಹಚ್ಚುವಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತೇನೆ, ಭಕ್ತಿ ಎಂದುಕೊಂಡಿದ್ದಾಳೆ.

ದುಂಡವ್ವನಿಗೆ ನಿನ್ನ ಮಾತು ಮುಟ್ಟಿಸಿದೆ. ಹೊಟ್ಟೆ ತುಂಬ ಉಣ್ಣುತ್ತಾನಂತೆ ಅಂದರೆ, "ಸುಳ್ಳರಿ ಅಕ್ಕಾರ, ಅಂವಗ ನನ್ನ ಕೈ ರೊಟ್ಟಿ ಬಿಟ್ಟರ ಹೋಗೂದಿಲ್ಲ" ಅಂತ ನಕ್ಕಳು. ಎಂಥ ಹೆಣ್ಣು ಇದು! ಸಾಲಿನ ಮುಂದೆ ಅವಳು ಹೊರಟರೆ ಉಳಿದವರು ಅವಳ ವೇಗಕ್ಕೆ ಬೀಳುತ್ತಾರೆ. ಅವಳು ಸವರಿದ ಹೂವು ಉದುರಿದ್ದನ್ನು ನಾನು ಕಾಣೆ. ಸೀಗಿಹುಣ್ಣಿಮೆಗೆ ಅವನನ್ನು ಒಂದು ದಿನ ಕಳಿಸಿಕೊಡಬೇಕಂತೆ. ಕಳಿಸು, ಆದರೆ ಅವನು ತಿರುಗಿ ಬರುವಾಗ ಇವಳನ್ನೂ ಕರೆದುಕೊಂಡು ಹೋಗುವ ಮಾತು ಬರಕೂಡದು. ನನ್ನ ಹೊಲ ಈಗ ಕೆಂಪು ಟೊಪ್ಪಿಗೆ ಹಾಕಿಕೊಂಡು ನಿಂತಿದೆ, ಅವಳಿಲ್ಲದೆ ನಡೆಯುವುದಿಲ್ಲ.

ದ್ವಾರಕಾ


ಹುಬ್ಬಳ್ಳಿ
೬ ಅಕ್ಟೋಬರ್ ೧೯೮೩, ಗುರುವಾರ

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಲಕ್ಷ್ಮಣಪ್ಪ ಕೆಲಸದ ಮೇಲೆ ಬಿದ್ದು ಕಾಲಿಗೆ ಪೆಟ್ಟಾಗಿದೆ. ಇಲ್ಲಿಯ ದವಾಖಾನೆಗೆ ಸೇರಿಸಿದ್ದೇವೆ. ನಾನು ಜೊತೆಗಿದ್ದೇನೆ. ಗಾಬರಿಯಾಗುವಂಥದ್ದಿಲ್ಲ. ದುಂಡವ್ವನಿಗೆ ತಿಳಿಸು, ಅನುಕೂಲವಾದರೆ ಬಂದು ನೋಡಿಕೊಂಡು ಹೋಗಲಿ. ಅವಳಿಗೆ ಕೂಲಿ ಮುರಿಯಬೇಡ. ಅವಳು ಚೆನ್ನಾಗಿದ್ದಾಳೆ ತಾನೇ?

ದಿನಕರ


ಸಂಶಿ
೮ ಅಕ್ಟೋಬರ್ ೧೯೮೩, ಶನಿವಾರ

ದಿನೂ,

ನಿನ್ನ ಕಾಗದ ಈಗಷ್ಟೇ ಬಂತು. ಚಿಕ್ಕಂದಿನಿಂದಲೂ ನಿನ್ನದು ಇದೇ ಹಣೆಬರಹ, ನಾಯಿ ಬೊಗಳಿದರೂ ಕಚ್ಚಿತು ಅಂತ ಅಳುವವನು. ಕಾಲು ತಾನೇ? ಕಟ್ಟು ಹಾಕುತ್ತಾರೆ, ತಿಂಗಳಿಗೆ ಏಳುತ್ತಾನೆ. ಅವಳಿಗೆ ಕೂಲಿ ಮುರಿಯಬೇಡ, ಅವಳು ಹೇಗಿದ್ದಾಳೆ ಎಂದು ಕೇಳುತ್ತೀಯಲ್ಲ, ಕಾಡಿಗೆ ಹೋದ ಮೇಲೆ ಕರುಳು ಮೆತ್ತಗಾಗಿದೆ ನಿನಗೆ.

ದುಂಡವ್ವನಿಗೆ ಇನ್ನೂ ಹೇಳಿಲ್ಲ, ಬೈಯಬೇಡ. ಈ ವಾರ ಹೂವು ಏರಿಕೆಯಲ್ಲಿದೆ. ಅವಳಿಗೆ ಹೇಳಿದರೆ ಈಗಲೇ ಬಸ್ ಹತ್ತುತ್ತಾಳೆ, ಅವಳ ಹಿಂದೆ ನಾದಿನಿ, ಓರಗಿತ್ತಿ, ಅರ್ಧ ಸಾಲು ಎದ್ದು ಹೋಗುತ್ತದೆ. ಸಂಜೆ ಟೊಪ್ಪಿಗೆ ಹಾಕಿದ ಹೂವು ಮರುದಿನ ಯಾರಿಗಾಗಿ ಕಾಯುತ್ತವೆ? ಮಂಗಳವಾರ ಕೆಲಸಕ್ಕೆ ಬಿಡುವು. ಅವತ್ತು ಮುಂಜಾನೆ ನಾನೇ ಅವಳನ್ನು ಕರೆದುಕೊಂಡು ಮೊದಲ ಬಸ್ಸಿಗೆ ಬರುತ್ತೇನೆ, ರೊಟ್ಟಿ ಕಟ್ಟಿಸಿಕೊಂಡು. ಕಾಲಿನ ನೋವು ಎರಡು ದಿನ ತಡೆದೀತು.

ದ್ವಾರಕಾ


ಹುಬ್ಬಳ್ಳಿ
೧೧ ಅಕ್ಟೋಬರ್ ೧೯೮೩, ಮಂಗಳವಾರ ಬೆಳಿಗ್ಗೆ

ಅಕ್ಕಾ,

ಈ ಚೀಟಿ ತರುವವನು ನಮ್ಮ ಜೀಪಿನ ಡ್ರೈವರ್ ಹಜರತಅಲಿ. ಲಕ್ಷ್ಮಣಪ್ಪ ನಸುಕಿನಲ್ಲಿ ತೀರಿಕೊಂಡ. ದೇಹವನ್ನು ಹಿಂದಿನಿಂದ ಲಾರಿಯಲ್ಲಿ ತರುತ್ತಿದ್ದೇನೆ.

ದುಂಡವ್ವ ಯಾಕೆ ಬರಲಿಲ್ಲ? ಶನಿವಾರದಿಂದ ನಾವಿಬ್ಬರೂ ಬಾಗಿಲು ನೋಡುತ್ತಿದ್ದೆವು.

ದಿನಕರ


ಸಂಶಿ
೧೭ ಅಕ್ಟೋಬರ್ ೧೯೮೩

ದಿನಕರ,

ಅವತ್ತು ಮಣ್ಣು ಮಾಡಿದ ಮೇಲೆ ನೀನು ನನ್ನ ಮುಖ ನೋಡದೆ ಲಾರಿ ಹತ್ತಿದೆ. ನಾನೂ ನಿನ್ನ ಮುಖ ನೋಡಲಿಲ್ಲ. ಈಗ ಬರೆಯುತ್ತೇನೆ, ಓದು.

ಮಂಗಳವಾರ ಬಿಡುವು ಅಂದಿದ್ದೆನಲ್ಲ, ಬಿಡುವು ಕೊಡಲಿಲ್ಲ ನಾನು. ಹೂವು ಬಹಳ ಇತ್ತು, ಮುಂಜಾನೆಯ ಕೆಲಸ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹೊರಟರಾಯಿತು ಅಂದುಕೊಂಡೆ. ಆಗಲೂ ಅವಳಿಗೆ ಹೇಳಿರಲಿಲ್ಲ. ಎಲ್ಲರೂ ಸಾಲಿನಲ್ಲಿದ್ದಾಗ ಜೀಪು ಬಂತು. ಚೀಟಿಯನ್ನು ನಾನು ಎರಡು ಸಲ ಓದಿದೆ. ಅಷ್ಟರಲ್ಲಿ ಬಸವಣ್ಣೆವ್ವ ಹಜರತಅಲಿಯನ್ನೇ ಕೇಳಿ ತಿಳಿದುಕೊಂಡಳು.

ಅವಳು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಸಾಲಿನೊಳಗೆ ಹೋದಳು. ದುಂಡವ್ವ ಏನೋ ಗುನುಗುತ್ತ ಒಂದು ಹೂವಿನ ಟೊಪ್ಪಿಗೆ ತೆಗೆದು, ಗಂಡುಹೂವು ಸವರಲಿಕ್ಕೆ ಕೈ ಎತ್ತಿದ್ದಳು. ಬಸವಣ್ಣೆವ್ವ ಮೊದಲು ಅವಳ ಕೈಯಿಂದ ಆ ಹೂವು ತೆಗೆದುಕೊಂಡಳು. ಆಮೇಲೆ ನಡುವಿಗೆ ಸಿಕ್ಕಿಸಿದ್ದ ದಾರದ ಉಂಡೆ ತೆಗೆದುಕೊಂಡಳು. ರಟ್ಟೆ ಹಿಡಿದು ಬದುವಿಗೆ ನಡೆಸಿಕೊಂಡು ಬಂದಳು. ಅವಳ ಕಾಲು ಸಾಲು ದಾಟಿದ ಮೇಲೆಯೇ ಹೇಳಿದಳು, ನಿನ್ನ ಗಂಡ ಹೋದ ಅಂತ. ಸಾಲಿನಲ್ಲಿ ಹೇಳಿದರೆ ಹೂವು ಕೆಡುತ್ತವಂತೆ. ಏನಾಗಿದೆಯೆಂದು ತಿಳಿಯದೆ ದುಂಡವ್ವ "ನಂದೇನ ತಪ್ಪಾತಬೇ ಯವ್ವಾ" ಅಂತ ಕೇಳುತ್ತಲೇ ಬಂದಳು. ಕೆಲಸದಿಂದ ತೆಗೆದರು ಅಂದುಕೊಂಡಿದ್ದಳು.

ಅವತ್ತು ಎಲ್ಲರೂ ಅವಳ ಹಿಂದೆ ಹೋದರು. ಯಾವ ಹೂವು ಉಳಿಸಲಿಕ್ಕೆ ನಾನು ಅವಳಿಂದ ಮುಚ್ಚಿಟ್ಟೆನೋ ಆ ಹೂವುಗಳೆಲ್ಲ ಟೊಪ್ಪಿಗೆಯೊಳಗೇ ಬಾಡಿ ಹೋದವು.

ನೀನು ಕಾಲು ಎಂದು ಬರೆದೆ. ಹೆಣದ ಬಟ್ಟೆ ಸರಿಸಿದಾಗ ಕಾಲಿಗೆ ಏನೂ ಆಗಿರಲಿಲ್ಲ. ಎದೆ ಎಲ್ಲಿತ್ತು ದಿನಕರ? ಕಾಲು ಅಂತ ಬರೆದವನು ನೀನು. ನಾಳೆ ಹೇಳುತ್ತೇನೆ ಅಂದವಳು ನಾನು. ನಮ್ಮಿಬ್ಬರ ನಡುವೆ ಅವಳ ಮೂರು ದಿನ ಹೋದವು. ಏನು ನಡೆಯಿತು ಅಂತ ಈಗಲಾದರೂ ಸರಿಯಾಗಿ ಬರೆ.

ದ್ವಾರಕಾ


ಕಲಘಟಗಿ ಕ್ಯಾಂಪು
೨೨ ಅಕ್ಟೋಬರ್ ೧೯೮೩

ಅಕ್ಕಾ,

ಬರೆಯುತ್ತೇನೆ.

ಕಡಿದ ಮರವೊಂದು ನೆಲಕ್ಕೆ ಬೀಳದೆ ಪಕ್ಕದ ಮರದ ಕವಲಿಗೆ ಸಿಕ್ಕಿ ವಾಲಿ ನಿಂತಿತ್ತು. ಅಂಥ ಮರದ ಕೆಳಗೆ ಯಾರೂ ಹೋಗಕೂಡದು, ಹಗ್ಗ ಕಟ್ಟಿ ಎತ್ತಿನಿಂದ ಎಳೆಸಬೇಕು. ಇದು ನನಗೆ ಗೊತ್ತಿತ್ತು. ಎತ್ತು ಹಿಂದಿನ ಕಣಿವೆಯಲ್ಲಿದ್ದವು. ಲಾರಿ ನಿಂತಿತ್ತು, ಗುತ್ತಿಗೆದಾರ ಹಾರ್ನ್ ಹೊಡೆಸುತ್ತಿದ್ದ. ನುರಿತ ಆಳುಗಳು ಆಗುವುದಿಲ್ಲ ಅಂದರು. ಆಗುವುದಿಲ್ಲ ಅನ್ನಲಿಕ್ಕೆ ಗೊತ್ತಿಲ್ಲದವನು ಲಕ್ಷ್ಮಣಪ್ಪ ಒಬ್ಬನೇ. ಅವನಿಗೆ ಕೊಡಲಿ ಕೊಟ್ಟೆ. ಬುಡಕ್ಕೆ ಎರಡು ಏಟು ಹಾಕು, ತಾನೇ ಜಾರುತ್ತದೆ ಅಂದೆ. "ಹೌದ್ರಿ ಸಾಹೇಬ್ರ" ಅಂದ. ಮೇಲೆ ನೋಡಲಿಲ್ಲ, ಕೆಳಗೆ ನೋಡುತ್ತಲೇ ಹೋದ. ಮರ ಜಾರಿ ಅವನ ಮೇಲೆಯೇ ಬಂತು.

ಡಾಕ್ಟರು ಮೊದಲ ದಿನವೇ ಎದೆಯೊಳಗೆ ರಕ್ತ ಇಳಿದಿದೆ, ಹೇಳಲಿಕ್ಕಾಗದು ಅಂದಿದ್ದರು. ಎದೆ ಅಂತ ಬರೆಯಲು ಕೈ ಬರಲಿಲ್ಲ. ಜೀಪು ಕಳಿಸಬಹುದಿತ್ತು, ಎರಡು ತಾಸಿಗೆ ಅವಳು ಬರುತ್ತಿದ್ದಳು. ಜೀಪು ಹೋದರೆ ಅವಳ ಹಿಂದೆ ಊರೇ ಬಂದು ಯಾರು ಕೊಡಲಿ ಕೊಟ್ಟವರು ಅಂತ ಕೇಳುತ್ತಿತ್ತು. ಅದಕ್ಕೆ ಹೆದರಿ ಕಾಗದ ಬರೆದೆ. ಅವನು ಉಳಿಯುತ್ತಾನೆ, ಆಮೇಲೆ ಎಲ್ಲ ಹೇಳಿದರಾಯಿತು ಅಂತ ನನಗೆ ನಾನೇ ಹೇಳಿಕೊಂಡೆ. ನಿನ್ನ ಶನಿವಾರದ ಕಾಗದ ಅವನು ಹೋದ ಮರುದಿನ ಕೈಗೆ ಬಂತು. ನಾಯಿ ಬೊಗಳಿದರೆ ಅಳುವವನು ಎಂಬ ಸಾಲನ್ನು ಓದಿ ಕಾಗದ ಹರಿದುಹಾಕಿದೆ.

ದಿನಕರ


ಸಂಶಿ
೩ ನವೆಂಬರ್ ೧೯೮೩

ದಿನೂ,

ನಿನಗೆ ಬಹಳ ದಿನ ಉತ್ತರ ಬರೆಯಲಿಲ್ಲ, ಬರೆಯುವಂಥ ಮನಸ್ಸೇ ಇರಲಿಲ್ಲ. ನಿನ್ನೆ ಮೊನ್ನೆ ನಡೆದದ್ದನ್ನು ಬರೆಯದೆ ಇರಲಾರೆ.

ಗಂಡನ ದಿನಕರ್ಮ ಮುಗಿಸಿ ದುಂಡವ್ವ ಮೊನ್ನೆ ಹೊಲಕ್ಕೆ ಬಂದಳು. ಬರಿ ಕೈ, ಬರಿ ಹಣೆ. ತನ್ನ ಹಳೆಯ ಸಾಲಿನ ಕಡೆಗೇ ನಡೆದಳು, ರೂಢಿಯಂತೆ. ಸಣ್ಣವ್ವ ಕಸ ತೆಗೆಯುತ್ತಿದ್ದ ಕಡೆ ಬಸವಣ್ಣೆವ್ವ ಬೆರಳು ತೋರಿಸಿದಳು. ದುಂಡವ್ವ ಸುಮ್ಮನೆ ಅತ್ತ ತಿರುಗಿದಳು. ತಿರುಗಿದ್ದು ನೋಡಿ ನನಗೆ ತಡೆಯಲಾಗಲಿಲ್ಲ.

"ಬಸವಣ್ಣೆವ್ವಾ, ನಾನೂ ಗಂಡ ಸತ್ತಾಕೀನ. ನಾಕು ವರ್ಷಾತು. ಎರಡು ತಿಂಗಳಿಂದ ನಿಮ್ಮ ಹೂವಿಗೆ ಕೈ ಹಚ್ಚೇನಿ. ಯಾವ ಕಾಯಿ ಉದರ್‍ಯಾವ ತೋರಸು" ಅಂದೆ. ಎಲ್ಲರ ಎದುರಿಗೇ ಮಂಗಳಸೂತ್ರ ತೆಗೆದೆ.

ಯಾರೋ ಒಬ್ಬಳ ಕೈಯಿಂದ ಕೆಂಪು ಟೊಪ್ಪಿಗೆಗಳ ಬುಟ್ಟಿ ಬಿತ್ತು. ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ, ಬಸವಣ್ಣೆವ್ವ ಜಗಳ ಮಾಡಲಿಲ್ಲ. ನನ್ನ ಹಣೆ ನೋಡುತ್ತ, "ಶುಕ್ರವಾರಕ್ಕೊಮ್ಮೆ ನನ್ನ ಕೈಲೇ ಕುಂಕುಮಾ ಹಚ್ಚೀನಲ್ರಿ. ಆವಾಗರೆ ಹೇಳಬೇಕಿತ್ತು" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಕಾಯಿಯ ಲೆಕ್ಕ ಹೇಳುತ್ತಿದ್ದೆ, ಅವಳು ತನ್ನ ಕೈಯ ಮಾತಾಡುತ್ತಿದ್ದಳು. ನನಗೆ ಆಗ ಇದು ಹೊಳೆಯಲಿಲ್ಲ. ಏನೋ ದೊಡ್ಡದು ಗೆದ್ದೆ ಎಂಬ ಹುರುಪಿನಲ್ಲಿದ್ದೆ. ಸಂಜೆಯ ಟೊಪ್ಪಿಗೆ ಹಾಕಿ ಎಲ್ಲರೂ ಮನೆಗೆ ಹೋದರು.

ನಿನ್ನೆ ಮುಂಜಾನೆ ಯಾರೂ ಬರಲಿಲ್ಲ. ಇಡೀ ಹೊಲ ಕೆಂಪು ಟೊಪ್ಪಿಗೆ ಹಾಕಿಕೊಂಡು ಕಾಯುತ್ತಿತ್ತು, ನಾನು ಒಬ್ಬಳೇ. ಆಗ ದುಂಡವ್ವ ಬಂದಳು. ನನಗೆ ಎಷ್ಟು ಸಂತೋಷವಾಯಿತು ಅಂದರೆ ಓಡಿ ಹೋಗಿ ಕೈ ಹಿಡಿದುಕೊಂಡೆ. ಬಾ, ನಾವಿಬ್ಬರೇ ಆದಷ್ಟು ಮಾಡೋಣ ಅಂದೆ. ಅವಳು ಗಂಡುಸಾಲಿನಿಂದ ಉಡಿ ತುಂಬ ಹೂವು ಕಿತ್ತು ತಂದಳು. ಮೊದಲ ಹೂವಿನ ಟೊಪ್ಪಿಗೆ ತೆಗೆಯುವ ಮುಂಚೆ ನಿಂತಳು.

"ಅಕ್ಕಾರ, ಅಂವಾ ಬಿದ್ದದ್ದು ನಿಮಗ ಯಾವಾಗ ಗೊತ್ತಾತ್ರಿ? ಗುರುವಾರನ ಕಾಗದಾ ಹಾಕೀವಿ ಅಂತ ಜೀಪಿನ ಹಜರತಅಲಿ ಅಂದ."

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು ದಿನೂ. ನುಂಗಿದೆ. ಶನಿವಾರ ಅಂದೆ.

"ಶನಿವಾರ ನಾ ಇದ ಸಾಲಿನಾಗ ಇದ್ದೆನಲ್ರಿ."

ಹೌದು ಅಂದೆ.

"ನಿಮ್ಮ ಯಜಮಾನ್ರು ಹೋಗುವಾಗ ನೀವು ಬಾಜೂಕ ಇದ್ರೇನ್ರಿ?"

ಇದ್ದೆ ಅಂದೆ.

"ಬಾಯಾಗ ನೀರು ಬಿಟ್ರೀ?"

ಬಿಟ್ಟೆ ಅಂದೆ.

ಅವಳು ಸಿಟ್ಟು ಮಾಡಲಿಲ್ಲ. ಉಡಿಯಲ್ಲಿದ್ದ ಹೂವನ್ನೆಲ್ಲ ಒಂದೂ ಚೆಲ್ಲದಂತೆ ಬದುವಿನ ಮೇಲೆ ಇಟ್ಟಳು. "ನಮ್ಮಾಂವಗ ಯಾರು ಬಿಟ್ರು, ಸಾಹೇಬ್ರನ್ನ ಕೇಳಿ ಹೇಳ್ರಿ" ಅಂದು ಊರ ಕಡೆ ನಡೆದಳು.

ಬಸವಣ್ಣೆವ್ವ ಅವಳನ್ನು ಸಾಲಿನಿಂದ ಹೊರಗೆ ಇಟ್ಟದ್ದಕ್ಕೆ ನಾನು ಎಷ್ಟು ಕುದಿದಿದ್ದೆ. ನಾನು ಅವಳನ್ನು ಗಂಡನ ತಲೆದಿಂಬಿನಿಂದಲೇ ಹೊರಗೆ ಇಟ್ಟಿದ್ದೆ. ಗಂಡ ಸತ್ತವಳ ಸಂಕಟ ಗೊತ್ತಿದ್ದೂ ಇಟ್ಟೆ.

ನೀರು ಯಾರು ಬಿಟ್ಟರು? ನೀನೇ ಬಿಟ್ಟೆ ಅಂತ ಬರೆ.

ದ್ವಾರಕಾ


ಕಲಘಟಗಿ ಕ್ಯಾಂಪು
೭ ನವೆಂಬರ್ ೧೯೮೩

ಅಕ್ಕಾ,

ಯಾರೂ ಬಿಡಲಿಲ್ಲ.

ಸೋಮವಾರ ರಾತ್ರಿ ಅವನು ನೀರು ಕೇಳಿದ. ಬಾಯಿಗೆ ನೀರು ಕೊಡಬಾರದು ಅಂತ ಡಾಕ್ಟರು ಹೇಳಿ ಹೋಗಿದ್ದರು. ಮಂಚದ ಬದಿಯಲ್ಲಿ ತಂಬಿಗೆ ಇತ್ತು. ನಾಳೆ ಕೊಡುತ್ತೇನೆ, ನಾಳೆ ದುಂಡವ್ವ ಬಂದು ಕೊಡುತ್ತಾಳೆ ಅಂದೆ. ಅವಳು ಬರ್‍ತಾಳೇನ್ರಿ ಅಂದ. ಬರುತ್ತಾಳೆ ಅಂದೆ. ಆಯಿತು ಅನ್ನುವಂತೆ ತಲೆ ಆಡಿಸಿದ, ಮತ್ತೆ ಕೇಳಲಿಲ್ಲ. ನಾನು ಕುರ್ಚಿಯಲ್ಲಿ ತೂಕಡಿಸಿದೆ. ಎಚ್ಚರವಾದಾಗ ಮುಗಿದಿತ್ತು, ಅವನ ಮುಖ ಬಾಗಿಲ ಕಡೆಗಿತ್ತು.

ಇದನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ. ಸಾಹೇಬರೇ ನೀರು ಬಿಟ್ಟರು, ನೆಮ್ಮದಿಯಿಂದ ಹೋದ ಅಂತ ಹೇಳಿಬಿಟ್ಟರೆ ಅವಳಿಗೆ ಸಮಾಧಾನವಾದೀತು. ಸತ್ತವನಿಗೆ ಅದರಿಂದ ಏನೂ ಆಗುವುದಿಲ್ಲ. ಹೇಳುವುದೋ ಬಿಡುವುದೋ ನಿನಗೆ ಬಿಟ್ಟಿದ್ದೇನೆ, ನೀನು ಹಿರಿಯಳು.

ದಿನಕರ


ಸಂಶಿ
೧೦ ನವೆಂಬರ್ ೧೯೮೩

ದಿನೂ,

ನಿನ್ನ ಕಾಗದ ಓದಿದೆ. ಬೈಯುವ ಶಕ್ತಿ ಇಲ್ಲ. ಬೈಯುವ ಹಕ್ಕೂ ಇಲ್ಲ.

ನನಗೆ ಬಿಡಬೇಡ. ಅವಳಿಗೆ ಏನು ಗೊತ್ತಾಗಬೇಕು, ಯಾವಾಗ ಗೊತ್ತಾಗಬೇಕು ಅಂತ ನಾವಿಬ್ಬರೂ ಕೂತು ತೀರ್ಮಾನ ಮಾಡಿದ್ದು ಸಾಕು. ಆಳುಗಳನ್ನು ಎಲ್ಲಿ ನಿಲ್ಲಿಸಬೇಕು ಎಂದು ಹೇಳಿ ಹೇಳಿ ನಮಗೆ ಅದೇ ಚಾಳಿಯಾಗಿದೆ. ಸೊಸೈಟಿಗೆ ಕಾಗದ ಬರೆದು ಕೆಲಸ ಬಿಟ್ಟಿದ್ದೇನೆ. ಆದರೂ ನೀನು ಬರುವವರೆಗೆ ಈ ಊರು ಬಿಡುವುದಿಲ್ಲ.

ದುಂಡವ್ವ ಇವತ್ತೂ ಬಂದು ಬಾಗಿಲಲ್ಲಿ ನಿಂತು ಕೇಳಿದಳು, ಸಾಹೇಬರ ಕಾಗದ ಬಂತೇನ್ರಿ ಅಂತ. ಬಂದಿದೆ ಅಂದೆ. ಏನು ಬರೆದಾರ ಅಂದಳು. ಅವರೇ ಬಂದು ಹೇಳುತ್ತಾರೆ ಅಂದೆ. ಅವಳು ನನ್ನ ಮುಖವನ್ನೇ ನೋಡಿ, "ಖರೇ ಬರ್‍ತಾರೇನ್ರಿ?" ಅಂದಳು.

ಬರುತ್ತಾನೆ ಅಂದುಬಿಟ್ಟಿದ್ದೇನೆ. ಈಗ ನಮ್ಮ ಕಟ್ಟೆಯ ಮೇಲೆ ಕೂತು ಬಸ್ಸು ಬರುವ ದಾರಿ ನೋಡುತ್ತಿದ್ದಾಳೆ. ಈ ಕಾಗದ ಮುಟ್ಟಿದ ಕೂಡಲೇ ಹೊರಡು. ನಾಳೆ ಅನ್ನಬೇಡ.

ದ್ವಾರಕಾ